ಪಿನ್ನಿಗೆ ನೇರವಾಗಿ ರಿಲೇ: ಯಾವ ಕಾಯಿಲ್, ಯಾವ ಪಿನ್?

ಐದು ವೋಲ್ಟಿನ ನೀಲಿ ಬಣ್ಣದ ರಿಲೇ ಒಂದನ್ನು ತೆಗೆದುಕೊಂಡು, ಕಾಯಿಲಿನ ಒಂದು ತುದಿಯನ್ನು ಆರ್ಡುಯಿನೊ ಊನೊ ಬೋರ್ಡಿನ ಔಟ್‌ಪುಟ್ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಜೋಡಿಸಿ, ಪಿನ್ ‘ಹೈ’ ಆಗುವಂತೆ ಎರಡು ಸಾಲಿನ ಪ್ರೋಗ್ರಾಂ ಹಾಕಿದರೆ ಬಹಳ ಸಲ ರಿಲೇ ಟಕ್ ಎಂದು ಎಳೆದುಕೊಳ್ಳುತ್ತದೆ. ಟ್ರಾನ್ಸಿಸ್ಟರ್ ಇಲ್ಲ, ಡಯೋಡ್ ಇಲ್ಲ, ಒಂದು ರೆಸಿಸ್ಟರ್ ಕೂಡ ಇಲ್ಲ. ಹಾಗಿದ್ದ ಮೇಲೆ ನಡುವೆ ಟ್ರಾನ್ಸಿಸ್ಟರ್ ಬೇಕೇ ಬೇಕು ಎಂದು ಪುಸ್ತಕಗಳೆಲ್ಲ ಪಟ್ಟು ಹಿಡಿಯುವುದು ಯಾಕೆ ಎಂಬ ಸಂಶಯ ವಿದ್ಯಾರ್ಥಿಗೆ ಬಂದೇ ಬರುತ್ತದೆ.

ಈ ಸಂಶಯಕ್ಕೆ ಎರಡು ಉತ್ತರಗಳು ರೂಢಿಯಲ್ಲಿವೆ. ಮೇಷ್ಟ್ರು ಹೇಳುವುದು ‘ಎಂದಿಗೂ ಕೂಡದು’ ಎಂದು. ಮಾಡಿ ನೋಡಿದವರು ಹೇಳುವುದು ‘ನನ್ನದು ವರ್ಷದಿಂದ ಓಡುತ್ತಿದೆ, ಏನೂ ಆಗಿಲ್ಲ’ ಎಂದು. ಎರಡೂ ಅರ್ಧ ಸತ್ಯ. ರಿಲೇ ಎಂಬ ಒಂದೇ ಹೆಸರಿನಡಿ 10 ಮಿಲಿಆಂಪಿಗೆ ಎಳೆಯುವ ಕಾಯಿಲೂ ಇದೆ, 70 ಮಿಲಿಆಂಪ್ ಬೇಡುವ ಕಾಯಿಲೂ ಇದೆ. ಪಿನ್ ಎಂಬ ಒಂದೇ ಹೆಸರಿನಡಿ 40 ಮಿಲಿಆಂಪಿನವರೆಗೆ ತಾಳುವುದೂ ಇದೆ, 12ಕ್ಕೇ ಕೈ ಚೆಲ್ಲುವುದೂ ಇದೆ. ಯಾವ ಪಿನ್, ಯಾವ ಕಾಯಿಲ್ ಎಂದು ಕೇಳದೆ ಕೊಟ್ಟ ಉತ್ತರ ಯಾರ ಕೆಲಸಕ್ಕೂ ಬಾರದು. ಟಕ್ ಎಂದಿತೇ ಎಂಬ ಪರೀಕ್ಷೆ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಆ ದಿನದ, ಆ ಮೇಜಿನ, ಆ ಒಂದು ರಿಲೇಯ ಸುದ್ದಿ ಮಾತ್ರ. ಬೇಸಿಗೆಯಲ್ಲಿ, ಸಪ್ಲೈ ತುಸು ಕುಸಿದಾಗ, ಅದೇ ಲಾಟಿನ ಇನ್ನೊಂದು ರಿಲೇ ಹಾಕಿದಾಗಲೂ ನಡೆಯುತ್ತದೆಯೇ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಲೆಕ್ಕವೇನೂ ಕಷ್ಟದ್ದಲ್ಲ, ಓಮ್ ನಿಯಮ ಗೊತ್ತಿದ್ದರೆ ಸಾಕು.

ಮೊದಲು ಪಿನ್. ಔಟ್‌ಪುಟ್ ಪಿನ್ನಿನ ಹಿಂದೆ ಚಿಪ್‌ನೊಳಗೆ ಎರಡು ಪುಟ್ಟ ಮಾಸ್‌ಫೆಟ್‌ಗಳಿವೆ. ಮೇಲಿನದು ಪಿನ್ನನ್ನು ಸಪ್ಲೈಗೆ ಸೇರಿಸುತ್ತದೆ, ಕೆಳಗಿನದು ಗ್ರೌಂಡಿಗೆ. ಇವು ಆದರ್ಶ ಸ್ವಿಚ್ಚುಗಳಲ್ಲ, ಎರಡಕ್ಕೂ ತಮ್ಮದೇ ರೋಧವಿದೆ. ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್‌ನಲ್ಲಿ 5 ವೋಲ್ಟ್ ಸಪ್ಲೈ ಇದ್ದಾಗ ಅದು ಸುಮಾರು 25 ಓಮ್. ಇದರ ಡೇಟಾಶೀಟ್ ಪಿನ್ನಿನ ಬಗ್ಗೆ ಎರಡು ಬೇರೆ ಬೇರೆ ಅಂಕಿಗಳನ್ನು ಕೊಡುತ್ತದೆ, ಅವುಗಳನ್ನು ಬೆರೆಸುವುದರಿಂದಲೇ ಅರ್ಧದಷ್ಟು ಅನಾಹುತಗಳು. 40 ಮಿಲಿಆಂಪ್ ಎಂಬುದು ಗರಿಷ್ಠ ತಾಳಿಕೆ: ಅದನ್ನು ದಾಟಿದರೆ ಚಿಪ್ಪಿಗೆ ಶಾಶ್ವತ ಹಾನಿಯಾಗಬಹುದು ಎಂಬ ಎಚ್ಚರಿಕೆ. ಅಷ್ಟರವರೆಗೆ ಬಳಸಬಹುದು ಎಂಬ ಅನುಮತಿ ಅದಲ್ಲ. ತಯಾರಕರು ಜವಾಬ್ದಾರಿ ಹೊರುವ ಅಂಕಿ ಬೇರೆ: 20 ಮಿಲಿಆಂಪ್ ಎಳೆದಾಗ ‘ಹೈ’ ಪಿನ್ ಕನಿಷ್ಠ 4.2 ವೋಲ್ಟ್ ಕೊಡುತ್ತದೆ. ಅಂದರೆ ಅತಿ ಕೆಟ್ಟ ಸ್ಥಿತಿಯಲ್ಲಿ ಒಳರೋಧ 40 ಓಮ್ ಎಂದು ಹಿಡಿಯಬೇಕು. ಇಡೀ ಚಿಪ್ಪಿನ ಸಪ್ಲೈ ಮತ್ತು ಗ್ರೌಂಡ್ ಕಾಲುಗಳಿಗೆ 200 ಮಿಲಿಆಂಪಿನ ಪ್ರತ್ಯೇಕ ಮಿತಿಯೂ ಇದೆ. ನಾಲ್ಕೈದು ಪಿನ್‌ಗಳಿಂದ ಏಕಕಾಲಕ್ಕೆ ಭಾರ ಎಳೆಯುವವರು ಇದನ್ನು ಮರೆಯುತ್ತಾರೆ.

ಈಗ ಆ ನೀಲಿ ರಿಲೇ. ಸಾಂಗಲ್ ಕಂಪನಿಯ ಎಸ್‌ಆರ್‌ಡಿ ಮಾದರಿಯ 5 ವೋಲ್ಟ್ ರಿಲೇಗೆ ಕಾಯಿಲ್ ರೋಧ ಸುಮಾರು 70 ಓಮ್, ಪೂರ್ಣ 5 ವೋಲ್ಟ್ ಸಿಕ್ಕರೆ 71 ಮಿಲಿಆಂಪ್ ಎಳೆಯುತ್ತದೆ. ಎಳೆದುಕೊಳ್ಳಲು ಬೇಕಾದ ವೋಲ್ಟೇಜ್, ಅಂದರೆ ಪಿಕಪ್, ಹೆಚ್ಚೆಂದರೆ ಶೇ. 75, ಅಂದರೆ 3.75 ವೋಲ್ಟ್. ಪಿನ್ನಿನ 25 ಓಮ್, ಕಾಯಿಲಿನ 70 ಓಮ್ ಸರಣಿಯಲ್ಲಿ ಸೇರಿದರೆ 95. ಹರಿಯುವುದು ಸುಮಾರು 52 ಮಿಲಿಆಂಪ್, ಕಾಯಿಲಿಗೆ ಸಿಗುವುದು ಸುಮಾರು 3.7 ವೋಲ್ಟ್. ಟಕ್ ಎನ್ನುವುದು ಯಾಕೆಂಬುದು ಇಲ್ಲೇ ತಿಳಿಯುತ್ತದೆ. 3.75 ಎಂಬುದು ಗರಿಷ್ಠ ಮಿತಿ, ಕೈಗೆ ಸಿಕ್ಕ ರಿಲೇ ಅದಕ್ಕಿಂತ ಕಡಿಮೆಗೇ ಎಳೆಯುವುದು ಸಾಮಾನ್ಯ. ಆದರೆ ಆ ಒಂದು ಟಕ್ಕಿಗಾಗಿ ಪಿನ್ ತನ್ನ ಗರಿಷ್ಠ ತಾಳಿಕೆಯನ್ನು ದಾಟಿದೆ. ರಿಲೇ ಆನ್ ಇರುವಷ್ಟು ಹೊತ್ತೂ, ಅದು ಗಂಟೆಗಳಿರಬಹುದು ದಿನಗಳಿರಬಹುದು, ಆ ಪುಟ್ಟ ಮಾಸ್‌ಫೆಟ್ ಮತ್ತು ಅದಕ್ಕೆ ಹೋಗುವ ಕೂದಲಿಗಿಂತ ತೆಳುವಾದ ಲೋಹದ ಪಟ್ಟಿ ಈ ಕರೆಂಟನ್ನು ಹೊರುತ್ತಲೇ ಇರಬೇಕು. ಕರೆಂಟಿನ ಸಾಂದ್ರತೆ ಹೆಚ್ಚಾದಾಗ ಆ ಲೋಹದ ಪರಮಾಣುಗಳು ನಿಧಾನವಾಗಿ ಜರುಗುತ್ತವೆ, ಪಟ್ಟಿ ಸವೆಯುತ್ತದೆ. ಬೋರ್ಡು ಒಂದೇ ದಿನದಲ್ಲಿ ಸಾಯುವುದಿಲ್ಲ, ತಿಂಗಳುಗಳ ನಂತರ ಒಂದು ಪಿನ್ ಸುಮ್ಮನಾಗಬಹುದು. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಕೆಡುಕು ರಿಲೇಯ ಕಡೆಯಿಂದ ಬರುತ್ತದೆ. ಕಷ್ಟಪಟ್ಟು ಎಳೆದುಕೊಂಡ ಕಾಯಿಲ್ ತನ್ನ ಆರ್ಮೇಚರನ್ನು ನಿಧಾನವಾಗಿ, ಅರೆಬಲದಲ್ಲಿ ಒತ್ತುತ್ತದೆ. ಕಾಂಟ್ಯಾಕ್ಟುಗಳು ಗಟ್ಟಿಯಾಗಿ ಕೂರದೆ ನಡುಗಿದರೆ ಪ್ರತಿ ನಡುಕಕ್ಕೂ ಕಿಡಿ, ಪ್ರತಿ ಕಿಡಿಗೂ ಕಾಂಟ್ಯಾಕ್ಟಿನ ಮೇಲೊಂದು ಗಾಯ. ಭಾರ ದೊಡ್ಡದಿದ್ದರೆ ಅವು ಬೆಸೆದುಕೊಳ್ಳುವುದೂ ಉಂಟು. ಆಗ ಪಿನ್ ಆಫ್ ಮಾಡಿದರೂ ಮೋಟಾರು ನಿಲ್ಲುವುದಿಲ್ಲ. ಇದನ್ನು ನಾನು ಪಿನ್ ಸುಡುವುದಕ್ಕಿಂತ ಗಂಭೀರ ಎಂದೇ ಎಣಿಸುತ್ತೇನೆ.

3.3 ವೋಲ್ಟಿನ ಚಿಪ್‌ಗಳಿಗೆ ಬಂದರೆ ವಿಚಾರ ಇನ್ನೂ ಬಿಗಿ. ಇಎಸ್‌ಪಿ8266 ಪಿನ್ನಿನ ಮಿತಿ 12 ಮಿಲಿಆಂಪ್. ರಾಸ್ಪ್‌ಬೆರಿ ಪೈ ಪಿಕೊದಲ್ಲಿರುವ ಆರ್‌ಪಿ2040 ಚಿಪ್‌ನಲ್ಲಿ ಪಿನ್ನಿನ ಬಲವನ್ನು 2, 4, 8, 12 ಎಂದು ನಾಲ್ಕು ಮೆಟ್ಟಿಲುಗಳಲ್ಲಿ ಪ್ರೋಗ್ರಾಮಿನಿಂದಲೇ ಆರಿಸಬಹುದು, 12ರ ಮೇಲೆ ಮೆಟ್ಟಿಲಿಲ್ಲ. ಎಸ್‌ಟಿಎಂ32ಎಫ್103ರಲ್ಲಿ ಗರಿಷ್ಠ ತಾಳಿಕೆ 25, ಆದರೆ ಲಾಜಿಕ್ ಮಟ್ಟಗಳು ಸರಿಯಾಗಿರಬೇಕೆಂದರೆ 8. ಇಂಥ ಪಿನ್ನಿಗೆ 70 ಓಮಿನ ಕಾಯಿಲ್ ಕಟ್ಟಿದರೆ ಪಿನ್ನಿಗೆ ಅತಿಭಾರ, ಕಾಯಿಲಿಗೆ ಎರಡೂವರೆ ವೋಲ್ಟೂ ಸಿಗದು. ರಿಲೇಯೂ ಎಳೆಯುವುದಿಲ್ಲ, ಪಿನ್ನೂ ಉಳಿಯುವ ಭರವಸೆಯಿಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ತಲೆಮಾರುಗಳು ಕೈ ಪಳಗಿಸಿಕೊಂಡ 8051ರ ಕತೆಯೇ ಬೇರೆ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಂಟೆಲ್ 1980ರಲ್ಲಿ ಹೊರತಂದ ಈ ವಿನ್ಯಾಸದಲ್ಲಿ ಪಿನ್ನಿನ ಮೇಲುಭಾಗ ಬಹಳ ದುರ್ಬಲ. ‘ಹೈ’ ಇದ್ದಾಗ ಅದು ಕೊಡಬಲ್ಲದ್ದು ಕೆಲವು ಹತ್ತು ಮೈಕ್ರೊಆಂಪ್ ಮಾತ್ರ, ಪೋರ್ಟ್ 0ಯಲ್ಲಂತೂ ಅದೂ ಇಲ್ಲ. ಕೆಳಭಾಗ ಪರವಾಗಿಲ್ಲ: ಇದೇ ಜಾತಿಯ ಎಟಿ89ಎಸ್52 ಚಿಪ್‌ನ ಒಂದು ಪಿನ್ 10 ಮಿಲಿಆಂಪಿನವರೆಗೆ ಗ್ರೌಂಡಿಗೆ ಎಳೆಯಬಲ್ಲದು, ಆದರೆ ಪೋರ್ಟ್ 1, 2, 3ರ ಎಂಟೆಂಟು ಪಿನ್‌ಗಳು ಸೇರಿ ಒಂದೊಂದು ಪೋರ್ಟಿಗೆ 15ನ್ನು ಮೀರಬಾರದು. ಆದ್ದರಿಂದ ಇದರಲ್ಲಿ ಏನನ್ನಾದರೂ ನೇರವಾಗಿ ನಡೆಸುವುದಾದರೆ ಭಾರವನ್ನು ಸಪ್ಲೈ ಮತ್ತು ಪಿನ್ನಿನ ನಡುವೆ ಕಟ್ಟಬೇಕು, ಪಿನ್ ‘ಲೋ’ ಆದಾಗ ಕೆಲಸ ಆಗಬೇಕು. ಇನ್ನೊಂದು ಸೂಕ್ಷ್ಮವಿದೆ. ರೀಸೆಟ್ ಆದ ಕೂಡಲೇ 8051ರ ಪಿನ್‌ಗಳೆಲ್ಲ ‘ಹೈ’ ಆಗುತ್ತವೆ. ಪುಲ್-ಅಪ್ ರೆಸಿಸ್ಟರ್ ಹಾಕಿ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸ್ ಜೋಡಿಸಿದ್ದರೆ ಪವರ್ ಬಂದ ಕ್ಷಣ ರಿಲೇ ತಾನಾಗಿಯೇ ಎಳೆದುಕೊಂಡು, ಪ್ರೋಗ್ರಾಮ್ ಶುರುವಾದ ಮೇಲೆ ಬಿಡುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಒಂದು ಕ್ಷಣ ಮೋಟಾರಿಗೆ ಕಿಕ್ ಕೊಡುವ ಕಂಟ್ರೋಲರುಗಳ ರೋಗ ಹೆಚ್ಚಾಗಿ ಇದೇ.

ಎಟಿಮೆಗಾ ಸೇರಿರುವ ಎವಿಆರ್ ಬಳಗ, ಎಸ್‌ಟಿಎಂ32 ಇವುಗಳಲ್ಲಿ ರೀಸೆಟ್ ಆದಾಗ ಪಿನ್‌ಗಳು ಇನ್‌ಪುಟ್ ಆಗಿ ತೇಲುತ್ತವೆ. ನೇರ ಜೋಡಣೆಗೆ ಇದು ಒಳ್ಳೆಯದೇ, ಕಾಯಿಲಿಗೆ ಕರೆಂಟ್ ಹೋಗುವುದಿಲ್ಲ. ಮಾಸ್‌ಫೆಟ್ ಇಟ್ಟು ನಡೆಸುವವರು ಮಾತ್ರ ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕುವುದನ್ನು ತಪ್ಪಿಸಬಾರದು.

ಇಷ್ಟು ಹೇಳಿದ ಮೇಲೆ ಪಿನ್ನಿಗೆ ಒಗ್ಗುವ ರಿಲೇಗಳ ಕಡೆ ತಿರುಗೋಣ. ಜೋಸೆಫ್ ಹೆನ್ರಿ 1835ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕಟ್ಟಿದ ಮೊದಲ ರಿಲೇಯ ಉದ್ದೇಶವೇ ದೂರದಿಂದ ಬಂದ ಕ್ಷೀಣ ಕರೆಂಟಿನಿಂದ ಹತ್ತಿರದ ದೊಡ್ಡ ಕರೆಂಟನ್ನು ಆಳುವುದಾಗಿತ್ತು. ಟೆಲಿಗ್ರಾಫ್, ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜುಗಳು ಕಡಿಮೆ ಶಕ್ತಿಗೆ ಎಳೆಯುವ ರಿಲೇಗಳನ್ನು ಬೇಡುತ್ತಲೇ ಬಂದವು. ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ರೀಡ್ ಸ್ವಿಚ್ಚು ಆ ದಾರಿಯ ದೊಡ್ಡ ಹೆಜ್ಜೆ: ಗಾಜಿನ ಪುಟ್ಟ ನಳಿಕೆಯೊಳಗೆ ಎರಡು ತೆಳು ಲೋಹದ ನಾಲಿಗೆಗಳು, ಸುತ್ತ ಕಾಯಿಲ್. ಜರುಗಬೇಕಾದ ತೂಕವೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೇಕಾದ ಶಕ್ತಿಯೂ ಅಷ್ಟೇ. ಇವತ್ತು ಸಿಗುವ ಕೋಟೋ 9007 ಮಾದರಿಯ 5 ವೋಲ್ಟ್ ರೀಡ್ ರಿಲೇಯ ಕಾಯಿಲ್ 500 ಓಮ್, ಎಳೆಯುವ ಕರೆಂಟ್ 10 ಮಿಲಿಆಂಪ್, ಪಿಕಪ್ ಹೆಚ್ಚೆಂದರೆ 3.75 ವೋಲ್ಟ್. ಎಟಿಮೆಗಾದ ಪಿನ್ನಿಗೆ ಇದು ಒಂದು ಎಲ್‌ಇಡಿಯಷ್ಟೇ ಭಾರ. ಕೆಟ್ಟ ಸ್ಥಿತಿಯ 40 ಓಮ್ ಹಿಡಿದರೂ ಕಾಯಿಲಿಗೆ 4.6 ವೋಲ್ಟ್ ಸಿಗುತ್ತದೆ. ಇಲ್ಲಿ ‘ಎಂದಿಗೂ ಕೂಡದು’ ಎಂಬ ಮಾತಿಗೆ ಆಧಾರವಿಲ್ಲ. ಇದೇ ರಿಲೇಯನ್ನು 3.3 ವೋಲ್ಟಿನ ಪಿನ್ನಿಗೆ ಕಟ್ಟಿದರೆ ಮಾತ್ರ ಪಿಕಪ್ಪೇ ಮುಟ್ಟುವುದಿಲ್ಲ.

ನೀಲಿ ರಿಲೇ, ರೀಡ್ ರಿಲೇ ಇವೆರಡರ ನಡುವೆ ಬೀಳುವವು ಸಿಗ್ನಲ್ ರಿಲೇಗಳು, ಚರ್ಚೆ ಸ್ವಾರಸ್ಯವಾಗುವುದು ಇಲ್ಲಿಯೇ. ಒಮ್ರಾನ್ ಜಿ5ವಿ-1ರ 5 ವೋಲ್ಟ್ ಕಾಯಿಲಿಗೆ 30 ಮಿಲಿಆಂಪ್. ಪ್ಯಾನಸಾನಿಕ್ ಟಿಕ್ಯೂ2ಗೆ 28. ಒಮ್ರಾನ್‌ನದೇ ಜಿ6ಕೆಗೆ 21.1, ಅದರ ಕಾಯಿಲ್ 237 ಓಮ್. ಎಟಿಮೆಗಾದ 20ರ ಅಂಕಿಗೆ ಹತ್ತಿರ ನಿಲ್ಲುವುದು ಈ ಕೊನೆಯದು ಮಾತ್ರ. ಅದರ ಲೆಕ್ಕವನ್ನು ಪೂರ್ತಿ ಹಾಕಿ ನೋಡುವುದು ಒಳ್ಳೆಯದು, ಯಾಕೆಂದರೆ ಹೊರನೋಟಕ್ಕೆ ಸರಿಯಾಗಿ ಕಾಣುವ ಜೋಡಿ ಎಲ್ಲಿ ಜಾರುತ್ತದೆಂಬುದು ಇದರಲ್ಲಿ ಸ್ಪಷ್ಟವಾಗಿದೆ.

ಜಿ6ಕೆಯ ಪಿಕಪ್ ಗರಿಷ್ಠ ಶೇ. 80, ಅಂದರೆ 4 ವೋಲ್ಟ್. ತಣ್ಣಗಿರುವಾಗ ಪಿನ್ನಿನ 25 ಓಮ್ ಕಳೆದು ಕಾಯಿಲಿಗೆ 4.5 ವೋಲ್ಟ್ ಸಿಗುತ್ತದೆ, ಅರ್ಧ ವೋಲ್ಟ್ ಉಳಿತಾಯ. ಈಗ ಬಿಸಿ ಏರಿಸಿ. ಕಾಯಿಲ್ ತಾಮ್ರದ ತಂತಿ, ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ. 0.39ರಷ್ಟು ಏರುತ್ತದೆ. ಡೇಟಾಶೀಟಿನ ಅಂಕಿಗಳು 23 ಡಿಗ್ರಿಯವು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ. ಬಿಸಿಲಿಗೆ ಮೈಯೊಡ್ಡಿದ ತಗಡಿನ ಡಬ್ಬಿಯೊಳಗೆ, ಸ್ವತಃ ಬಿಸಿಯಾಗುವ ಕಾಯಿಲ್ 60 ಮುಟ್ಟುವುದು ದೊಡ್ಡ ಮಾತಲ್ಲ. 37 ಡಿಗ್ರಿ ಏರಿದರೆ ರೋಧ ಶೇ. 14ರಷ್ಟು ಹೆಚ್ಚಿ 271 ಓಮ್ ಆಗುತ್ತದೆ. ಎಳೆಯಲು ಬೇಕಾದ ಕರೆಂಟು ಬದಲಾಗುವುದಿಲ್ಲ, ಆದ್ದರಿಂದ ಬೇಕಾದ ವೋಲ್ಟೇಜು ಅಷ್ಟೇ ಪ್ರಮಾಣದಲ್ಲಿ ಏರಿ 4.58ಕ್ಕೆ ಬರುತ್ತದೆ. ಸಿಗುವುದೆಷ್ಟು? 25 ಓಮ್ ಹಿಡಿದರೆ 4.58. ಹೆಚ್ಚುಕಡಿಮೆ ಸರಿಸಮ. ಕೆಟ್ಟ ಸ್ಥಿತಿಯ 40 ಓಮ್ ಹಿಡಿದರೆ 4.36, ಸಾಲದು. ಅರ್ಧ ವೋಲ್ಟಿನ ಉಳಿತಾಯವನ್ನು ಬಿಸಿಲೇ ತಿಂದುಹಾಕಿತು. ಬೆಂಗಳೂರಿನ ಜನವರಿಯಲ್ಲಿ ಟಕ್ ಎಂದ ಬೋರ್ಡು ಕಲಬುರಗಿಯ ಮೇ ತಿಂಗಳಲ್ಲಿ ಮೌನವಾಗಬಹುದು.

ಪರಿಹಾರ ಅದೇ ಡೇಟಾಶೀಟಿನ ಮೇಲಿನ ಸಾಲಿನಲ್ಲಿದೆ. ಜಿ6ಕೆ 4.5 ವೋಲ್ಟಿನ ಕಾಯಿಲಿನಲ್ಲೂ ಬರುತ್ತದೆ: 194 ಓಮ್, ಪಿಕಪ್ 3.6 ವೋಲ್ಟ್. 60 ಡಿಗ್ರಿಯಲ್ಲಿ ಅದು 222 ಓಮ್ ಆಗಿ ಬೇಕಾಗುವುದು 4.12 ವೋಲ್ಟ್. ಕೆಟ್ಟ ಪಿನ್ನಿನಿಂದಲೂ ಸಿಗುವುದು 4.24. ಪಿನ್ನಿನ ಒಳರೋಧದಲ್ಲಿ ಕಳೆದುಹೋಗುವ ಅರ್ಧ ವೋಲ್ಟನ್ನು ಕಾಯಿಲಿನ ಆಯ್ಕೆಯಲ್ಲೇ ತುಂಬಿಕೊಟ್ಟಂತಾಯಿತು. ತಣ್ಣಗಿನ ಕರೆಂಟು ಮಾತ್ರ 23ರ ಸನಿಹ ಹೋಗುತ್ತದೆ, 40ರ ಗರಿಷ್ಠಕ್ಕಿಂತ ದೂರವೇ ಇದೆ. ಸಪ್ಲೈ ಮಾತ್ರ ಗಟ್ಟಿಯಾಗಿರಬೇಕು. ಯುಎಸ್‌ಬಿಯಿಂದ ಬರುವ 5 ವೋಲ್ಟ್ 4.75ಕ್ಕೆ ಇಳಿದರೂ ಅದು ನಿಯಮದೊಳಗೇ ಇರುತ್ತದೆ, ಆಗ ಈ ಲೆಕ್ಕವೂ ಮತ್ತೆ ಕೈಕೊಡುತ್ತದೆ. ನಾನು ಸಿಗ್ನಲ್ ರಿಲೇಯನ್ನು ನೇರವಾಗಿ ನಡೆಸಬಹುದು ಎಂದು ಹೇಳುವಾಗ ಈ ಷರತ್ತುಗಳನ್ನೆಲ್ಲ ಸೇರಿಸಿಯೇ ಹೇಳುತ್ತೇನೆ.

ಕರೆಂಟಿನ ವಿಚಾರ ಇಷ್ಟಾದರೆ, ಜನರನ್ನು ಹೆಚ್ಚು ಹೆದರಿಸುವುದು ಕಾಯಿಲ್ ಆಫ್ ಆಗುವಾಗಿನ ವೋಲ್ಟೇಜ್ ಕಿಕ್. ಇಳಿಜಾರಿನಲ್ಲಿ ಸಾಗಿರುವ ತುಂಬಿದ ಗಾಡಿಯಂತೆ ಕಾಯಿಲಿನ ಕರೆಂಟು ತಟ್ಟನೆ ನಿಲ್ಲಲು ಒಪ್ಪುವುದಿಲ್ಲ. ದಾರಿ ಕಡಿದರೆ ನೂರಾರು ವೋಲ್ಟ್ ಎಬ್ಬಿಸಿಯಾದರೂ ಹರಿಯಲು ನೋಡುತ್ತದೆ. ಹೊರಗಿನ ಟ್ರಾನ್ಸಿಸ್ಟರಿನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಆದರೆ ಎರಡು ಮಾಸ್‌ಫೆಟ್‌ಗಳ ಪಿನ್ನಿಗೆ ನೇರವಾಗಿ ಕಟ್ಟಿದ ಕಾಯಿಲಿನಲ್ಲಿ ನಡೆಯುವುದು ಬೇರೆ, ಇದನ್ನು ಪಠ್ಯಪುಸ್ತಕಗಳು ವಿವರಿಸುವುದು ಅಪರೂಪ. ಪಿನ್ ‘ಹೈ’ಯಿಂದ ‘ಲೋ’ಗೆ ಹೋದಾಗ ದಾರಿ ಕಡಿಯುವುದಿಲ್ಲ. ಮೇಲಿನ ಮಾಸ್‌ಫೆಟ್ ಮುಚ್ಚಿದ ಬೆನ್ನಿಗೇ ಕೆಳಗಿನದು ತೆರೆದು ಕಾಯಿಲಿನ ಎರಡು ತುದಿಗಳನ್ನೂ ಗ್ರೌಂಡಿಗೆ ಸೇರಿಸುತ್ತದೆ. ಕರೆಂಟು ಆ ಮಾಸ್‌ಫೆಟ್ ಮೂಲಕವೇ ಸುತ್ತು ಹೊಡೆದು ಕರಗುತ್ತದೆ. 20 ಮಿಲಿಆಂಪಿಗೆ 25 ಓಮ್ ಎಂದರೆ ಪಿನ್ ಗ್ರೌಂಡಿಗಿಂತ ಅರ್ಧ ವೋಲ್ಟ್ ಕೆಳಗೆ ಇಳಿಯುತ್ತದೆ, ಅಷ್ಟೇ. ಹೊರಗೆ ಸಾಮಾನ್ಯ 1ಎನ್4148 ಡಯೋಡ್ ಇಟ್ಟಿದ್ದರೂ ಅದು ವಾಹಕವಾಗುವ ಮಟ್ಟಕ್ಕೆ ಬರುವ ಮೊದಲೇ ಮಾಸ್‌ಫೆಟ್ ಕರೆಂಟಿನ ಹೆಚ್ಚಿನ ಪಾಲನ್ನು ಹೊತ್ತಿರುತ್ತದೆ.

ಹಾಗಾದರೆ ಡಯೋಡ್ ಬೇಡವೇ? ಬೇಕು. ಪಿನ್ ಯಾವಾಗಲೂ ‘ಹೈ’ಯಿಂದ ‘ಲೋ’ಗೇ ಹೋಗುತ್ತದೆಂಬ ಖಾತರಿಯಿಲ್ಲ. ರಿಲೇ ಆನ್ ಇರುವಾಗಲೇ ವಾಚ್‌ಡಾಗ್ ರೀಸೆಟ್ ಮಾಡಬಹುದು, ಸಪ್ಲೈ ಕುಸಿದು ಚಿಪ್ ಮರುಶುರುವಾಗಬಹುದು, ಪ್ರೋಗ್ರಾಮಿನ ತಪ್ಪಿನಿಂದ ಪಿನ್ ಇನ್‌ಪುಟ್ ಆಗಬಹುದು. ಆಗ ಎರಡೂ ಮಾಸ್‌ಫೆಟ್‌ಗಳು ಮುಚ್ಚಿ, ಕಾಯಿಲಿನ ಕರೆಂಟು ಚಿಪ್ಪಿನೊಳಗಿನ ರಕ್ಷಣಾ ಡಯೋಡಿಗೆ ನುಗ್ಗುತ್ತದೆ. ಎವಿಆರ್ ತಯಾರಕರ ಸಲಹೆ ಆ ಡಯೋಡಿನಲ್ಲಿ 1 ಮಿಲಿಆಂಪ್ ಮೀರಬಾರದೆಂದು, ಎಸ್‌ಟಿಎಂ32ರಲ್ಲಿ ಮಿತಿ 5. ನಮ್ಮ ಕಾಯಿಲ್ ಕೊಡುವುದು 20. ಚಿಪ್ಪಿನ ತಳಪದರಕ್ಕೆ ಹೀಗೆ ನುಗ್ಗಿದ ಕರೆಂಟು ಪಕ್ಕದ ಎಡಿಸಿಯ ಓದನ್ನು ಕೆಡಿಸಬಹುದು, ಗ್ರಹಚಾರ ಕೆಟ್ಟರೆ ಇಡೀ ಚಿಪ್ ಲ್ಯಾಚ್‌ಅಪ್ ಆಗಿ ಬಿಸಿಯೇರಿ ಸಾಯಬಹುದು. ಹಾಗಾಗಿ ಕಾಯಿಲಿಗೆ ಅಡ್ಡಲಾಗಿ ಒಂದು ಷಾಟ್ಕಿ ಡಯೋಡ್ ಇಡಬೇಕು. ಅದು ಚಿಪ್ಪಿನ ಡಯೋಡಿಗಿಂತ ಮೊದಲು ವಾಹಕವಾಗುತ್ತದೆ, ಖರ್ಚು ನಗಣ್ಯ. ಡಯೋಡ್ ಇದ್ದರೆ ರಿಲೇ ಬಿಡುವುದು ತಡವಾಗುತ್ತದೆ ಎಂಬುದೂ ನಿಜ. ದೊಡ್ಡ ಭಾರ ಕಡಿಯುವ ರಿಲೇಗಳಲ್ಲಿ ಆ ತಡ ಕಾಂಟ್ಯಾಕ್ಟುಗಳ ಆಯಸ್ಸು ತಿನ್ನುತ್ತದೆ, ಅಲ್ಲಿ ಡಯೋಡಿನ ಜೊತೆ ಝೀನರ್ ಸೇರಿಸುತ್ತಾರೆ. ಸಿಗ್ನಲ್ ರಿಲೇಗೆ ಆ ಚಿಂತೆ ಬೇಡ.

ಇಲ್ಲಿ ಒಂದು ಬಲೆಯ ಬಗ್ಗೆ ಎಚ್ಚರಿಸಲೇಬೇಕು. ಅದೇ ನೀಲಿ ರಿಲೇಯ 12 ವೋಲ್ಟ್ ಮಾದರಿಗೆ ಕಾಯಿಲ್ 400 ಓಮ್, ಕರೆಂಟು 30 ಮಿಲಿಆಂಪ್ ಮಾತ್ರ. 40ಕ್ಕಿಂತ ಕಡಿಮೆಯಾಯಿತಲ್ಲ, ಕಾಯಿಲನ್ನು 12 ವೋಲ್ಟಿಗೂ ಪಿನ್ನಿಗೂ ನಡುವೆ ಕಟ್ಟಿ ‘ಲೋ’ ಮಾಡಿದರೆ ಆಯಿತು ಎಂದು ಹಲವರಿಗೆ ತೋಚುತ್ತದೆ. ಆನ್ ಆಗುವುದು ಆಗುತ್ತದೆ. ಆಫ್ ಮಾಡಲು ಪಿನ್ನನ್ನು 5 ವೋಲ್ಟಿಗೆ ಏರಿಸಿದರೆ ಕಾಯಿಲಿನ ಮೇಲೆ ಇನ್ನೂ 7 ವೋಲ್ಟ್ ಉಳಿಯುತ್ತದೆ. ಇನ್‌ಪುಟ್ ಮಾಡಿದರೂ ರಕ್ಷಣಾ ಡಯೋಡ್ ಮೂಲಕ 16 ಮಿಲಿಆಂಪ್ ಚಿಪ್ಪಿನ ಸಪ್ಲೈಗೆ ಹರಿಯುತ್ತಲೇ ಇರುತ್ತದೆ. ಬಿಡುವ ವೋಲ್ಟೇಜ್ ಪಿಕಪ್ಪಿಗಿಂತ ಬಹಳ ಕೆಳಗಿರುವುದರಿಂದ ರಿಲೇ ಬಿಡುವುದೇ ಇಲ್ಲ. ಪಿನ್ನಿಗೆ ಚಿಪ್ಪಿನ ಸಪ್ಲೈಗಿಂತ ಹೆಚ್ಚಿನ ವೋಲ್ಟೇಜ್ ಯಾವ ದಾರಿಯಿಂದಲೂ ಬರಕೂಡದು.

ಎರಡು ಪಿನ್‌ಗಳನ್ನು ಸೇರಿಸಿ ದುಪ್ಪಟ್ಟು ಕರೆಂಟು ಪಡೆಯುವ ಉಪಾಯವೂ ಪ್ರಚಾರದಲ್ಲಿದೆ. ಒಂದೇ ಪೋರ್ಟಿನ ಪಿನ್‌ಗಳಾಗಿ, ಒಂದೇ ಸೂಚನೆಯಲ್ಲಿ ಎರಡೂ ಬದಲಾದರೆ ಅದು ಸಾಧ್ಯ. ಆರ್ಡುಯಿನೊದ ಡಿಜಿಟಲ್‌ರೈಟ್ ಎರಡು ಸಲ ಕರೆದರೆ ನಡುವಿನ ಕೆಲವು ಮೈಕ್ರೊಸೆಕೆಂಡು ಒಂದು ಪಿನ್ ‘ಹೈ’, ಇನ್ನೊಂದು ‘ಲೋ’ ಆಗಿ ಪರಸ್ಪರ ಶಾರ್ಟ್ ಆಗುತ್ತವೆ. ಮುಂದೆ ಇನ್ನೊಬ್ಬರು ಪ್ರೋಗ್ರಾಮ್ ತಿದ್ದಿದಾಗ ಆ ಶಾರ್ಟ್ ಕಾಯಂ ಆಗುವ ಅಪಾಯವಿದೆ. ನನಗೆ ಇದು ಒಪ್ಪಿಗೆಯಿಲ್ಲ.

ಪವರ್ ರಿಲೇ ಬೇಕಾದಲ್ಲಿ ಟ್ರಾನ್ಸಿಸ್ಟರ್ ಇಡುವುದೇ ಸರಿ. ಮೊಬೈಲ್ ಕರೆಗೆ ಪಂಪ್‌ಸೆಟ್ ಶುರುಮಾಡುವ ಡಬ್ಬಿಗಳನ್ನು ತೆಗೆದುಕೊಳ್ಳಿ. ಅಲ್ಲಿ ರಿಲೇಯ ಕಾಂಟ್ಯಾಕ್ಟು ಸ್ಟಾರ್ಟರಿನ ಹಸಿರು ಬಟನ್ನಿಗೆ ಸಮಾಂತರವಾಗಿ ಕೂತು 415 ವೋಲ್ಟಿನ ಕಾಯಿಲನ್ನು ಎಬ್ಬಿಸಬೇಕು. 30 ವೋಲ್ಟ್ ಡಿಸಿಯಲ್ಲಿ 1 ಆಂಪ್ ಮಿತಿಯ ಜಿ6ಕೆಯಾಗಲಿ, ಅರ್ಧ ಆಂಪಿನ ರೀಡ್ ಆಗಲಿ ಅಲ್ಲಿಗೆ ಹೋಗುವ ಹಾಗೇ ಇಲ್ಲ. ನೇರವಾಗಿ ನಡೆಸಬಹುದಾದ ರಿಲೇಗಳ ಜಾಗ ಸೆನ್ಸರ್, ಆಡಿಯೋ, ಅಳತೆಯ ಉಪಕರಣಗಳ ಸಣ್ಣ ಸಿಗ್ನಲ್‌ಗಳದ್ದು.

ಟ್ರಾನ್ಸಿಸ್ಟರ್ ಎಂದರೆ ನಮ್ಮಲ್ಲಿ ಒಂದು ಕಾಲಕ್ಕೆ ಎಸ್‌ಎಲ್100 ಎಂದೇ ಅರ್ಥ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತಿದ್ದ ಆ ಲೋಹದ ಟೋಪಿಯ ಟ್ರಾನ್ಸಿಸ್ಟರು ದೇಶದ ಎಷ್ಟೋ ಹವ್ಯಾಸಿಗಳ ರಿಲೇಗಳನ್ನು ನಡೆಸಿದೆ. ಈಗ ಆ ಕೆಲಸ ಬಿಸಿ547, ಬಿಸಿ337ಗಳದ್ದು. ಬಿಸಿ547ರ ಮಿತಿ 100 ಮಿಲಿಆಂಪ್, 71ರ ಕಾಯಿಲಿಗೆ ತುಸು ಬಿಗಿ. 800ರ ಬಿಸಿ337 ನೆಮ್ಮದಿ. ಟ್ರಾನ್ಸಿಸ್ಟರಿನ ಬೇಸ್‌ಗೆ ಕಾಯಿಲ್ ಕರೆಂಟಿನ ಇಪ್ಪತ್ತರಲ್ಲೊಂದು ಭಾಗ, ಅಂದರೆ ಮೂರೂವರೆ ಮಿಲಿಆಂಪ್ ಕೊಡಿ: 5 ವೋಲ್ಟಿನ ಪಿನ್ನಿಗೆ 1 ಕಿಲೋಓಮ್, 3.3ಕ್ಕೆ 680 ಓಮ್. ಏಳು ಚಾನೆಲ್‌ಗಳ ಯುಎಲ್‌ಎನ್2003 ಬಹು ರಿಲೇಗಳಿಗೆ ಅನುಕೂಲ, ಡಯೋಡುಗಳೂ ಒಳಗೇ ಇವೆ. ಆದರೆ ಅದರ ಡಾರ್ಲಿಂಗ್‌ಟನ್ ಜೋಡಿ ಸುಮಾರು 0.9 ವೋಲ್ಟ್ ತಾನೇ ಉಳಿಸಿಕೊಳ್ಳುತ್ತದೆ. 5 ವೋಲ್ಟಿನ ನೀಲಿ ರಿಲೇಗೆ ಉಳಿಯುವುದು 4.1, 60 ಡಿಗ್ರಿಯಲ್ಲಿ ಅದರ ಪಿಕಪ್ 4.29ರವರೆಗೆ ಏರಬಹುದು. ಡ್ರೈವರ್ ಇಟ್ಟ ಮಾತ್ರಕ್ಕೆ ಲೆಕ್ಕ ಹಾಕುವುದು ತಪ್ಪುವುದಿಲ್ಲ. ಯುಎಲ್‌ಎನ್2003ರ ಜೊತೆ 12 ವೋಲ್ಟಿನ ಕಾಯಿಲ್ ಬಳಸುವುದೇ ಮೇಲು.

ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಸಿಗುವ ಸಿದ್ಧ ರಿಲೇ ಮಾಡ್ಯೂಲುಗಳಲ್ಲಿ ಟ್ರಾನ್ಸಿಸ್ಟರ್, ಡಯೋಡ್ ಎಲ್ಲ ಕೂತೇ ಬರುತ್ತವೆ, ಹಲವಕ್ಕೆ ಆಪ್ಟೋಕಪ್ಲರ್ ಕೂಡ. ಕಲಿಯುವವರಿಗೆ ನಾನು ಮೊದಲು ಹೇಳುವುದು ಇವನ್ನೇ ಕೊಳ್ಳಿ ಎಂದು. ಜೆಡಿ-ವಿಸಿಸಿ ಎಂದು ಬರೆದಿರುವ ಜಂಪರ್ ಹಾಗೇ ಬಿಟ್ಟರೆ ಮಾತ್ರ ಆಪ್ಟೋಕಪ್ಲರಿನ ಎರಡೂ ಬದಿಗೆ ಒಂದೇ ಸಪ್ಲೈ ಸೇರಿ ಪ್ರತ್ಯೇಕತೆ ಹೆಸರಿಗಷ್ಟೇ ಉಳಿಯುತ್ತದೆ. ಜಂಪರ್ ತೆಗೆದು, ಕಾಯಿಲಿಗೆ ಬೇರೆ ಸಪ್ಲೈ ಕೊಟ್ಟು, ಎರಡು ಗ್ರೌಂಡುಗಳನ್ನೂ ಬೇರೆಯೇ ಇಟ್ಟಾಗ ಅದು ನಿಜವಾದ ಪ್ರತ್ಯೇಕತೆ.

ಪಿನ್ನಿನಿಂದ ನೇರವಾಗಿ ನಡೆಸುವುದಕ್ಕೆಂದೇ ಹುಟ್ಟಿದಂತಿರುವ ಒಂದು ಜಾತಿ ಉಳಿದಿದೆ, ಲ್ಯಾಚಿಂಗ್ ರಿಲೇ. ಒಳಗಿನ ಶಾಶ್ವತ ಅಯಸ್ಕಾಂತ ಆರ್ಮೇಚರನ್ನು ಇದ್ದಲ್ಲೇ ಹಿಡಿದಿಡುವುದರಿಂದ ಸ್ಥಿತಿ ಬದಲಿಸಲು ಒಂದು ಪಲ್ಸ್ ಸಾಕು, ಆಮೇಲೆ ಕರೆಂಟೇ ಬೇಡ. ಟಿಕ್ಯೂ2ರ ಒಂದೇ ಕಾಯಿಲಿನ ಲ್ಯಾಚಿಂಗ್ ಮಾದರಿಗೆ 5 ವೋಲ್ಟಿನಲ್ಲಿ 20 ಮಿಲಿಆಂಪ್. ಇದನ್ನು ಎರಡು ಪಿನ್‌ಗಳ ನಡುವೆ ಕಟ್ಟಬೇಕು. ಮೊದಲ ಪಿನ್ ‘ಹೈ’, ಎರಡನೆಯದು ‘ಲೋ’ ಆದರೆ ಸೆಟ್. ತಿರುಗಿಸಿದರೆ ರೀಸೆಟ್. ಹತ್ತಿಪ್ಪತ್ತು ಮಿಲಿಸೆಕೆಂಡಿನ ನಂತರ ಎರಡನ್ನೂ ‘ಲೋ’ ಮಾಡಿದರೆ ಕಾಯಿಲಿನ ಕರೆಂಟು ಕೆಳಗಿನ ಎರಡು ಮಾಸ್‌ಫೆಟ್‌ಗಳ ಮೂಲಕ ಸುತ್ತಿ ಕರಗುತ್ತದೆ. ಕರೆಂಟು ಎರಡೂ ದಿಕ್ಕಿಗೆ ಹರಿಯುವುದರಿಂದ ಇಲ್ಲಿ ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇಡುವಂತಿಲ್ಲ. ಪ್ರತಿ ಪಿನ್ನಿನಿಂದ ಗ್ರೌಂಡಿಗೂ ಸಪ್ಲೈಗೂ ಒಂದೊಂದು ಷಾಟ್ಕಿ ಇಟ್ಟರೆ ರಕ್ಷಣೆ ಪೂರ್ಣ. ಎರಡು ಪಿನ್‌ಗಳ ಒಳರೋಧ ಸೇರಿ 50 ಓಮ್ ಕಳೆಯುವುದರಿಂದ ಇಲ್ಲೂ 4.5 ವೋಲ್ಟಿನ ಕಾಯಿಲೇ ಕ್ಷೇಮ. ತಿಂಗಳುಗಟ್ಟಲೆ ಬ್ಯಾಟರಿಯಲ್ಲಿ ನಡೆಯಬೇಕಾದ ಸಾಧನಗಳಿಗೆ ಇದಕ್ಕಿಂತ ಚೆನ್ನಾದ ರಿಲೇ ನನಗೆ ತಿಳಿದ ಮಟ್ಟಿಗೆ ಇಲ್ಲ.

ಇದಕ್ಕೆ ತಕ್ಕ ಜವಾಬ್ದಾರಿ ಪ್ರೋಗ್ರಾಮಿನ ಮೇಲೆ ಬೀಳುತ್ತದೆ. ಬ್ಯಾಟರಿ ಸತ್ತರೂ ಲ್ಯಾಚಿಂಗ್ ರಿಲೇ ತಾನಿದ್ದ ಸ್ಥಿತಿಯಲ್ಲೇ ಇರುತ್ತದೆ, ಸಾಗಾಟದಲ್ಲಿ ಬಿದ್ದ ಏಟಿಗೆ ಸ್ಥಿತಿ ಬದಲಿಸಲೂಬಹುದು. ಆದ್ದರಿಂದ ಪವರ್ ಬಂದಾಗ ಮೊದಲು ಮಾಡಬೇಕಾದ್ದು ಒಂದು ರೀಸೆಟ್ ಪಲ್ಸ್. ಸಪ್ಲೈ ಕುಸಿಯುತ್ತಿದೆ ಎಂದು ಗೊತ್ತಾದ ಕೂಡಲೇ ಕೊನೆಯ ಪಲ್ಸ್ ಕೊಡುವಷ್ಟು ಶಕ್ತಿ ಒಂದು ಕೆಪಾಸಿಟರಿನಲ್ಲಿ ಕೂಡಿಟ್ಟಿರಬೇಕು. 20 ಮಿಲಿಆಂಪನ್ನು 20 ಮಿಲಿಸೆಕೆಂಡು ಕೊಡುವಾಗ ವೋಲ್ಟೇಜು ಕಾಲು ವೋಲ್ಟಿಗಿಂತ ಹೆಚ್ಚು ಇಳಿಯಬಾರದೆಂದರೆ ಕಾಯಿಲಿನ ಪಾಲಿಗೇ 1600 ಮೈಕ್ರೊಫ್ಯಾರಡ್ ಬೇಕು. ಚಿಪ್ ಸ್ವತಃ ಎಳೆಯುವುದನ್ನು ಸೇರಿಸಿ 2200 ಹಾಕಿದರೆ ಸರಿಹೋಗುತ್ತದೆ.